ಇಪ್ಪತ್ತೊಂದು ಪಟ್ಟಿಗಳ ಮೋಸ

ಆ ಕ್ಷೌರದಂಗಡಿಯ ಗೋಡೆಯ ಮೇಲೆ ಒಂದು ಎಲೆಕ್ಟ್ರಿಕ್ ಗಿಟಾರು ಒಂಬತ್ತು ವರ್ಷದಿಂದ ಟವೆಲು ಒಣಗಿಸುತ್ತಿತ್ತು. ಆರು ಬಿರಡೆಗಳಿಗೆ ಆರು ಟವೆಲು, ಸೊಂಟಕ್ಕೆ ಒಂದು ಏಪ್ರನ್ನು. ಆರು ತಂತಿಗಳಲ್ಲಿ ಉಳಿದದ್ದು ಎರಡು. ಅವುಗಳ ನಡುವೆ ಬಾಚಣಿಗೆಗಳನ್ನು ಸಿಕ್ಕಿಸಿದ್ದರು. ಸದ್ದು ಏರಿಳಿಸುವ ತಿರುಗಣೆ ಎಲ್ಲೋ ಬಿದ್ದುಹೋಗಿ ಆ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ ಕೂತಿತ್ತು. ಫೋನು ಬಂತೆಂದು ಅರ್ಧ ಗಡ್ಡದಲ್ಲೇ ಎದ್ದುಹೋದ ಗಿರಾಕಿಯೊಬ್ಬ ಬಿಟ್ಟುಹೋದ ಗಿಟಾರು ಅದು. ಉಳಿದರ್ಧ ಗಡ್ಡಕ್ಕಾದರೂ ಬಂದಾನೆಂದು ಕ್ಷೌರಿಕ ಒಂಬತ್ತು ವರ್ಷ ಕಾದಿದ್ದ.

ಅದನ್ನು ಅಲ್ಲಿಂದ ಬಿಡಿಸಿದವನು ಮಿಲಿಮೀಟರಪ್ಪ. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು, ಅದೀಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪರೀಕ್ಷಕ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಆರಿಂಚಿನ ಉಕ್ಕಿನ ಅಳತೆಪಟ್ಟಿ. ಅವನು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಬಟ್ಟೆಯಂಗಡಿಯವರು ಮೀಟರಿಗೆ ಎರಡು ಬೆರಳು ಹೆಚ್ಚೇ ಕತ್ತರಿಸುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಓದಿದ್ದನ್ನು ಮರೆತಿದ್ದ, ಓದಿದ್ದೇನೆಂಬುದನ್ನು ಮರೆತಿರಲಿಲ್ಲ.

ಗಿಟಾರು ಬೇಕಾಗಿದ್ದದ್ದು ಅವನಿಗಲ್ಲ, ಹೆಂಡತಿಗೆ. ಅವಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅಲ್ಲಿನ ಹೆಡ್ ಸಿಸ್ಟರ್ ಮುಂದಿನ ಶನಿವಾರ ನಿವೃತ್ತರಾಗುವವರಿದ್ದರು. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಯಾರನ್ನೂ ಹೊಗಳದ ಹೆಂಗಸು. ಅವರೆದುರು ಸರ್ಜನ್ನರೂ ಕೈಯನ್ನು ಎರಡೆರಡು ಸಲ ತೊಳೆಯುತ್ತಿದ್ದರು. ಅಂಥವರು ಮಿಲಿಮೀಟರಪ್ಪನ ಹೆಂಡತಿಯನ್ನು ಕರೆದು ಹೇಳಿದ್ದರು: "ನನಗೆ ಹಾರ, ಭಾಷಣ ಏನೂ ಬೇಡ. ಟ್ರೈನಿಂಗ್ ಹಾಸ್ಟೆಲಲ್ಲಿ ಒಂದಿನ ನೀನು ಗಿಟಾರ್ ನುಡಿಸ್ತಿದ್ದೆ. ವಾರ್ಡನ್ ಆಗಿದ್ದೋಳು ನಾನೇ ಬಂದು ಬೈದು ನಿಲ್ಲಿಸ್ದೆ. ಇಪ್ಪತ್ಮೂರು ವರ್ಷದಿಂದ ಅದು ನನ್ನ ತಲೇಲಿ ಅರ್ಧಕ್ಕೇ ನಿಂತಿದೆ. ಪೂರ್ತಿ ಕೇಳ್ಕೊಂಡು ಮನೆಗೆ ಹೋಗ್ಬೇಕು ನಾನು."

ಇದನ್ನು ಮನೆಯಲ್ಲಿ ಹೇಳುವಾಗ ಹೆಂಡತಿ ತನ್ನ ಎಡಗೈ ಬೆರಳ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದಳು. ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ಅವಳು ಹಾಗೆ ಮಾಡಿದ್ದನ್ನು ಮಿಲಿಮೀಟರಪ್ಪ ಕಂಡಿರಲಿಲ್ಲ. ಮರುದಿನ ಭಾನುವಾರ, ಅವನು ಕ್ಷೌರಕ್ಕೆ ಹೋದ. ಟವೆಲುಗಳ ಹಿಂದೆ ಗಿಟಾರು ಕಂಡಿತು.

"ಇದನ್ನ ಕೊಡ್ತೀಯೇನಪ್ಪಾ?"

"ಕೊಟ್ರೆ ಟವೆಲ್ ಎಲ್ಲಿ ಒಣಗಿಸ್ಲಿ ಸಾರ್?" ಎಂದ ಕ್ಷೌರಿಕ. ಸಂಜೆಯೊಳಗೆ ಮಿಲಿಮೀಟರಪ್ಪ ಅವನಿಗೊಂದು ಸ್ಟೀಲಿನ ಟವೆಲು ಸ್ಟ್ಯಾಂಡು ತಂದುಕೊಟ್ಟು, ಅದು ನೆಲಕ್ಕೆ ಸಮವಾಗಿದೆಯೇ ಎಂದು ನೋಡಿ ಸರಿಮಾಡಿಯೂ ಕೊಟ್ಟು, ಗಿಟಾರನ್ನು ಮನೆಗೆ ತಂದ. ಹೆಂಡತಿ ಅದನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡಳು. ಉಳಿದಿದ್ದ ಎರಡು ತಂತಿಗಳನ್ನು ಬೆರಳಿನಿಂದ ಸವರಿದಳು.

"ತಂತಿ ಹಾಕ್ಸಿ, ಒಳಗಿನ ವೈರು ಸರಿ ಮಾಡ್ಸಿ. ಅಷ್ಟೇ ಸಾಕು," ಎಂದಳು ಕೊನೆಗೆ. "ಈ ವಾರ ನಂಗೆ ಡಬಲ್ ಡ್ಯೂಟಿ. ಶುಕ್ರವಾರ ಸಂಜೆ ಕೈಗೆ ಕೊಡಿ. ಒಂದು ಸಂಜೆ ಕೈಯಾಡ್ಸಿದ್ರೆ ಬರುತ್ತೆ."

'ಅಷ್ಟೇ ಸಾಕು' ಎಂಬ ಮಾತನ್ನು ಮಿಲಿಮೀಟರಪ್ಪ ಜನ್ಮದಲ್ಲಿ ಪಾಲಿಸಿದವನಲ್ಲ. ಅನಾಹುತದ ಬೀಜ ಬಿದ್ದದ್ದು ಅಲ್ಲೇ.

ಸೋಮವಾರ ರೇಡಿಯೋ ರಿಪೇರಿಯವನು ಗಿಟಾರಿನ ಬೆನ್ನು ಬಿಚ್ಚಿದ. ಒಳಗಿನಿಂದ ಮೂರು ತಲೆಗಾಗುವಷ್ಟು ಕೂದಲು ಬಂತು. ಕಪ್ಪು, ಬಿಳಿ, ಒಂದಿಷ್ಟು ಮೆಹಂದಿ ಬಣ್ಣದ್ದು. ಅದನ್ನೆಲ್ಲ ಬ್ರಷ್ಷಿನಿಂದ ಗುಡಿಸಿದ ಮೇಲೆ, ತಂತಿಗಳ ಕೆಳಗೆ ಕೂರುವ ಕಪ್ಪು ಡಬ್ಬಿಯೊಂದನ್ನು ಎತ್ತಿ ತೋರಿಸಿದ.

"ನೋಡಿ ಸಾರ್. ಒಳಗೆ ಅಯಸ್ಕಾಂತ. ಸುತ್ತ ತಾಮ್ರದ ತಂತಿ, ಕೂದಲಿಗಿಂತ ತೆಳು. ಏಳೆಂಟು ಸಾವಿರ ಸುತ್ತು. ಮೇಲೆ ಗಿಟಾರಿನ ತಂತಿ ನಡುಗಿದ್ರೆ ಇದ್ರೊಳಗೆ ಕರೆಂಟೂ ನಡುಗತ್ತೆ. ಗಾಳಿ ಗೀಳಿ ಏನೂ ಬೇಡ."

"ಮುಟ್ಟದೇನೇ?"

"ಮುಟ್ಟದೇನೇ."

ಮಿಲಿಮೀಟರಪ್ಪ ಆ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಎಂಟು ಸಾವಿರ ಸುತ್ತು ಸುತ್ತಿದವನು ಯಾರೋ, ಒಂದು ಸುತ್ತೂ ತಪ್ಪಿರಲಿಲ್ಲ. ಇಂಥ ವಸ್ತುವಿನ ಮೇಲೆ ಟವೆಲು ಒಣಗಿಸಿದರಲ್ಲ ಎಂದುಕೊಂಡು ಅದನ್ನು ಅಂಗಿಯ ತುದಿಯಿಂದ ಒರೆಸಿದ. ಆ ಭಕ್ತಿಯಲ್ಲೇ ಜೇಬಿನ ಅಳತೆಪಟ್ಟಿ ತಾನಾಗಿ ಕೈಗೆ ಬಂತು.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಇಪ್ಪತ್ತೊಂದು ಲೋಹದ ಪಟ್ಟಿಗಳು. ಎಡಗೈ ಬೆರಳಿನಿಂದ ತಂತಿಯನ್ನು ಒತ್ತುವುದು ಇವುಗಳ ನಡುವೆ. ಮೊದಲ ಸಂದು ಮೂವತ್ತಾರೂವರೆ ಮಿಲಿಮೀಟರು. ಎರಡನೆಯದು ಮೂವತ್ತನಾಲ್ಕು ಚಿಲ್ಲರೆ. ಮೂರನೆಯದು ಮೂವತ್ತೆರಡೂವರೆ. ಮಿಲಿಮೀಟರಪ್ಪನ ಹುಬ್ಬು ಮೇಲೇರಿತು. ಕೆಳಕೆಳಗೆ ಹೋದ ಹಾಗೆ ಸಂದುಗಳು ಕಿರಿದಾಗುತ್ತ ಹೋಗಿ ಕೊನೆಯದು ಹನ್ನೊಂದೂವರೆಗೆ ಬಂದು ನಿಂತಿತ್ತು.

ಇಪ್ಪತ್ತೆರಡು ವರ್ಷ ಅಳತೆಯ ಗೀಟುಗಳನ್ನೇ ನೋಡಿದವನ ಕಣ್ಣಿಗೆ ಇದು ಹೇಗೆ ಕಂಡಿರಬೇಕು. ಮೊದಮೊದಲು ಧಾರಾಳ, ಗಿರಾಕಿಯ ಗಮನ ತಪ್ಪಿದ ಕಡೆ ಜಿಪುಣತನ. ಬಟ್ಟೆಯಂಗಡಿಯ ಹಳೇ ಕಸುಬು.

ಮಂಗಳವಾರ ಬೆಳಿಗ್ಗೆ ಅವನು ಗಿಟಾರನ್ನು ಹೊತ್ತು ಫೋಟೋಗಳಿಗೆ ಕಟ್ಟು ಹಾಕುವವನ ಅಂಗಡಿಗೆ ಹೋದ. ಊರಿನಲ್ಲಿ ಕೂದಲೆಳೆ ಅಗಲದ ಗರಗಸ ಇದ್ದದ್ದು ಅವನೊಬ್ಬನ ಬಳಿ.

"ಇದು ಹೀಗೇ ಇರುತ್ತೇನೋ ಸಾರ್," ಎಂದು ಕಟ್ಟಿನವನು ತಲೆ ಕೆರೆದ.

"ನಿನ್ನ ಸ್ಕೇಲಲ್ಲಿ ಒಂದರಿಂದ ಎರಡಕ್ಕಿರೋ ದೂರ, ಎರಡರಿಂದ ಮೂರಕ್ಕೆ ಹೋಗೋವಾಗ ಕಮ್ಮಿ ಆಗುತ್ತಾ?"

"ಆಗಲ್ಲ."

"ಇದರಲ್ಲಿ ಯಾಕಾಗ್ಬೇಕು?"

ಕಟ್ಟಿನವನು ಕನ್ನಡಕ ತೆಗೆದು ಒರೆಸಿಕೊಂಡ. "ನಲವತ್ತು ವರ್ಷದಿಂದ ಜನರ ಮುಖಕ್ಕೆ ಚೌಕಟ್ಟು ಹಾಕ್ತಿದೀನಿ. ಇಂಥದ್ದು ಕಣ್ಣಿಗೇ ಬಿದ್ದಿರ್ಲಿಲ್ಲ ನೋಡಿ. ನೀವಿಲ್ದಿದ್ರೆ ಈ ಊರಿನ ಗತಿ ಏನು."

ಗುರುವಾರದ ಹೊತ್ತಿಗೆ ಇಪ್ಪತ್ತೊಂದು ಪಟ್ಟಿಗಳನ್ನೂ ಕಿತ್ತು, ಹಳೆಯ ಸೀಳುಗಳಿಗೆ ಮರದ ಪುಡಿ ಮತ್ತು ಅಂಟು ತುಂಬಿ, ಹೊಸ ಸೀಳು ಕೊಯ್ದು, ಒಂದೊಂದೂ ಇಪ್ಪತ್ತೊಂದು ಪಾಯಿಂಟ್ ಏಳು ಮಿಲಿಮೀಟರಿಗೆ ಸರಿಯಾಗಿ ಕೂರಿಸಿದ್ದರು. ಅಂಗಡಿಗೆ ಬಂದವರೆಲ್ಲ ನಿಂತು ನೋಡಿದರು. ರೈಲ್ವೆ ಹಳಿಯ ಹಾಗೆ ಸಮ. ಪಕ್ಕದ ದರ್ಜಿ ತನ್ನ ಟೇಪು ತಂದು ಹಿಡಿದು ನೋಡಿ, ಟೇಪನ್ನೇ ಸಂಶಯದಿಂದ ನೋಡಿಕೊಂಡು ಹೋದ.

ಸುದ್ದಿ ಇಲಾಖೆಯ ಸಾಹೇಬರ ಕಿವಿಗೆ ಬಿತ್ತು. ಅವರು ಮಿಲಿಮೀಟರಪ್ಪನನ್ನು ಕರೆಸಿ ಬಾಗಿಲು ಹಾಕಿಸಿದರು.

"ಒಂದು ಗಿಟಾರಿನ ಮಾತಲ್ಲ ಅನ್ಸುತ್ತೆ ನಂಗೆ," ಎಂದರು ದನಿ ತಗ್ಗಿಸಿ. "ಒಬ್ಬ ಒಂದರಲ್ಲಿ ಮಾಡಿದ್ರೆ ತಪ್ಪು. ಎಲ್ಲರೂ ಎಲ್ಲದರಲ್ಲೂ ಮಾಡಿದ್ರೆ?"

"ಜಾಲ, ಸರ್."

"ಜಾಲ," ಎಂದು ಸಾಹೇಬರು ಆ ಪದವನ್ನು ಲಾಡುವಿನಂತೆ ಬಾಯಲ್ಲಿ ಹೊರಳಿಸಿದರು. ಹದಿನಾರು ವರ್ಷದಿಂದ ಅವರ ಕೈಗೆ ಸಿಕ್ಕಿದ್ದೆಲ್ಲ ಬರೀ ತರಕಾರಿಯ ತಕ್ಕಡಿ.

ಶುಕ್ರವಾರ ಮಧ್ಯಾಹ್ನ ಇಲಾಖೆಯ ಜೀಪು ಊರಿನ ಒಂದೇ ಒಂದು ವಾದ್ಯದಂಗಡಿಯ ಮುಂದೆ ನಿಂತಿತು. ಅಂಗಡಿ ನಡೆಸುತ್ತಿದ್ದಾಕೆ ಎಪ್ಪತ್ತು ದಾಟಿದ ಹೆಂಗಸು, ಎಲ್ಲರಿಗೂ ಅಂಗಡಿಯಮ್ಮ. ಸ್ಟೂಲಿನ ಮೇಲೆ ಕೂತು ಪಿಟೀಲಿನ ಕಮಾನಿಗೆ ಕೂದಲು ಕಟ್ಟುತ್ತಿದ್ದರು. ಗೋಡೆಯಲ್ಲಿ ಏಳು ಗಿಟಾರು ತೂಗುತ್ತಿದ್ದವು.

ಸಾಹೇಬರು ಒಂದನ್ನು ಎತ್ತಿ ಬೆರಳಿನಿಂದ ತೋರಿಸಿದರು. "ಈ ಪಟ್ಟಿಗಳ ಅಂತರ ಕಡಿಮೆ ಆಗ್ತಾ ಬಂದಿದೆ. ಇದು ನಿಮಗೆ ಗೊತ್ತಾ?"

"ಗೊತ್ತಿಲ್ದೇ ಏನು? ಎಲ್ಲಾ ಗಿಟಾರೂ ಹಂಗೇ ಇರೋದು."

"ಎಲ್ಲಾ ಗಿಟಾರೂ ಅಂತ ಒಪ್ಪಿಕೊಂಡ್ರು. ಬರ್ಕೊಳ್ಳಿ. ಯಾವಾಗಿಂದ ನಡೀತಿದೆ ಇದು?"

"ಅಯ್ಯೋ, ನಮ್ಮ ಮಾವನೋರ ಕಾಲದಿಂದಾನೂ ಹಿಂಗೇ."

"ಮೂರು ತಲೆಮಾರು. ಬರ್ಕೊಳ್ಳಿ."

"ಸಾಹೇಬ್ರೇ, ಎರಡು ತಲೆಮಾರು ಅಷ್ಟೇ," ಎಂದರು ಅಂಗಡಿಯಮ್ಮ. "ನನ್ನ ಮಗಂಗೆ ಇದ್ರಲ್ಲಿ ಆಸಕ್ತಿ ಇಲ್ಲ."

ಮಿಲಿಮೀಟರಪ್ಪ ಅಳೆಯಲು ಕೂತ. ಅವನು ಒಂದನ್ನು ಅಳೆದು ಮುಗಿಸಿದ ಕೂಡಲೇ ಸಾಹೇಬರು ತಾವೇ ಅದರ ತಂತಿಗಳನ್ನೆಲ್ಲ ಸೇರಿಸಿ ಬಿಗಿದು ಸೀಸದ ಮುದ್ರೆ ಒತ್ತುತ್ತಿದ್ದರು. ಬೀದಿಯಲ್ಲಿ ಜನ ಸೇರಿದರು. ಗಿಟಾರಿನೊಳಗೆ ಚಿನ್ನ ಸಿಕ್ಕಿತಂತೆ ಎಂದು ಒಬ್ಬ. ಇಲ್ಲ, ಏಳು ಗಿಟಾರೂ ಕಳವಿನವಂತೆ ಎಂದು ಇನ್ನೊಬ್ಬ.

ಮೂರನೆಯ ಗಿಟಾರಿಗೆ ಬರುವಾಗ ಮಿಲಿಮೀಟರಪ್ಪನ ಪೆನ್ನು ನಿಧಾನವಾಯಿತು. ಮೂರೂ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ದೇಶದವು. ಪ್ರತಿ ಸಂದನ್ನು ಅದರ ಹಿಂದಿನ ಸಂದಿನಿಂದ ಭಾಗಿಸಿ ನೋಡಿದ. ಸೊನ್ನೆ ಬಿಂದು ಒಂಬತ್ತು ನಾಲ್ಕು ನಾಲ್ಕು. ಮುಂದಿನದು? ಸೊನ್ನೆ ಬಿಂದು ಒಂಬತ್ತು ನಾಲ್ಕು ನಾಲ್ಕು. ಕೊನೆಯ ಸಂದಿನ ತನಕ ಅದೇ. ಪುಟ್ಟ ಮಕ್ಕಳ ಗಿಟಾರೊಂದಿತ್ತು, ಉದ್ದ ಮುಕ್ಕಾಲು ಪಾಲೂ ಇಲ್ಲ. ಅದರಲ್ಲೂ ಅದೇ.

ಇಪ್ಪತ್ತೆರಡು ವರ್ಷದಲ್ಲಿ ಅವನು ಕಂಡ ಕಳ್ಳರೆಲ್ಲ ಒರಟರು. ತೂಕದ ಕಲ್ಲಿನ ಅಡಿ ಕೊರೆಯುವವರು, ತಕ್ಕಡಿಗೆ ಮೇಣ ಅಂಟಿಸುವವರು. ಇವರು ಯಾರು? ಒಬ್ಬರನ್ನೊಬ್ಬರು ನೋಡದೆ, ಸಮುದ್ರದ ಆಚೆಗೂ ಈಚೆಗೂ ಕೂತು, ಮೂರನೆಯ ದಶಾಂಶದವರೆಗೆ ಒಂದೇ ತೆರನಾಗಿ ಮೋಸ ಮಾಡುವವರು! ಇಲಾಖೆಯ ಪ್ರಯೋಗಾಲಯದಲ್ಲೂ ಇಷ್ಟು ಶಿಸ್ತಿಲ್ಲ. ಅವನಿಗೆ ಆ ಕಳ್ಳರ ಕಾಲಿಗೆ ಬೀಳಬೇಕೆನಿಸಿತು.

"ಅಮ್ಮಾ," ಎಂದ ಮೆಲ್ಲಗೆ, "ಹನ್ನೆರಡನೇ ಪಟ್ಟಿ ತಂತಿಯ ಸರೀ ಅರ್ಧಕ್ಕಿದೆ. ಎಲ್ಲದರಲ್ಲೂ."

ಅಂಗಡಿಯಮ್ಮ ಕೊನೆಯ ಗಿಟಾರನ್ನು, ಇನ್ನೂ ಮುದ್ರೆ ಬೀಳದೆ ಉಳಿದಿದ್ದ ಒಂದೇ ಒಂದನ್ನು, ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಮೀಟಿದರು. "ಇದು ಪೂರ್ತಿ ತಂತಿ." ಹನ್ನೆರಡನೇ ಪಟ್ಟಿಯ ಬಳಿ ಒತ್ತಿ ಮತ್ತೆ ಮೀಟಿದರು. "ಇದು ಅರ್ಧ. ಕೇಳಿ, ಅಕ್ಕ ತಂಗಿ ಅಲ್ವಾ? ಅದೇ ಸ್ವರ, ದನಿ ಮಾತ್ರ ಚಿಕ್ಕದು. ಮಧ್ಯದ ಹನ್ನೊಂದೂ ಇವರಿಬ್ಬರ ನಡುವೆ ಕೂರ್ಬೇಕು. ತಂತಿ ಗಿಡ್ಡ ಆದಷ್ಟೂ ಹೆಜ್ಜೆನೂ ಗಿಡ್ಡ ಆಗ್ಬೇಕಲ್ಲಪ್ಪಾ. ಕಿವಿ ಕೂಡಿಸಿ ಕೇಳಲ್ಲ, ಗುಣಿಸಿ ಕೇಳುತ್ತೆ ಅಂತಿದ್ರು ನಮ್ಮ ಮಾವ."

ಮಿಲಿಮೀಟರಪ್ಪನಿಗೆ ಎಷ್ಟೋ ವರ್ಷದ ಹಿಂದಿನ ತರಗತಿಯ ಕಪ್ಪು ಹಲಗೆ ಕಣ್ಣ ಮುಂದೆ ನಿಂತಿತು. ಆ ಸೊನ್ನೆ ಬಿಂದು ಒಂಬತ್ತು ನಾಲ್ಕು ನಾಲ್ಕರಿಂದ ಹನ್ನೆರಡು ಸಲ ಗುಣಿಸಿದರೆ ಸರೀ ಅರ್ಧ. ಎಲ್ಲ ಅಲ್ಲೇ ಇತ್ತು. ಇಷ್ಟು ಸುಂದರವಾದ ಅಳತೆಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ, ಕಂಡ ಮೊದಲನೆಯದನ್ನೇ ಗರಗಸದಿಂದ ಕೊಯ್ಯಿಸಿದ್ದ.

"ಏನಾಯ್ತ್ರೀ?" ಎಂದರು ಸಾಹೇಬರು, ಆ ಕೊನೆಯ ಗಿಟಾರನ್ನು ಅಂಗಡಿಯಮ್ಮನ ತೊಡೆಯಿಂದ ಎತ್ತಿ ಮುದ್ರೆ ಒತ್ತುತ್ತ.

"ಸರ್, ಇವರು ಕಳ್ಳರಲ್ಲ."

"ಮತ್ಯಾರು?"

"ಇವರ ಅಳತೆ ಸರಿಯಿದೆ ಸರ್. ನಮ್ಮ ಸ್ಕೇಲೇ ಇದಕ್ಕಲ್ಲ."

ಸಾಹೇಬರು ಬೀದಿಯ ಜನರನ್ನು ನೋಡಿದರು, ತೂಗುತ್ತಿದ್ದ ಏಳು ಸೀಸದ ಮುದ್ರೆಗಳನ್ನು ನೋಡಿದರು. "ಇದನ್ನ ಮುದ್ರೆ ಒತ್ತೋಕೆ ಮುಂಚೆ ಹೇಳ್ಬಾರ್ದಾ?"

ಮಿಲಿಮೀಟರಪ್ಪ ಒಂದೇ ಒಂದು ಗಿಟಾರನ್ನು ನಾಳೆಯ ಮಟ್ಟಿಗೆ ಎರವಲು ಕೊಡಿಸಿ ಎಂದು ಬೇಡಿಕೊಂಡ. ಅಂಗಡಿಯಮ್ಮ ಕೊಡಲು ತಯಾರಿದ್ದರು. ಆದರೆ ಒತ್ತಿದ ಮುದ್ರೆ ಒಡೆಯಲು ಮೇಲಿನ ಕಚೇರಿಯ ಲಿಖಿತ ಆದೇಶ ಬೇಕು, ಮೇಲಿನ ಕಚೇರಿ ತೆರೆಯುವುದು ಸೋಮವಾರ. ಆ ನಿಯಮದ ಕರಡು ತಿದ್ದಿಕೊಟ್ಟವನು ಮಿಲಿಮೀಟರಪ್ಪನೇ. ಅಲ್ಲಿಂದ ಕಟ್ಟಿನವನ ಬಳಿ ಓಡಿದ. ಪಟ್ಟಿ ಕಿತ್ತು ಹಳೆಯ ಜಾಗಕ್ಕೆ ಕೂರಿಸಲು ಅಂಟು ಒಣಗುವುದೂ ಸೇರಿ ನಾಲ್ಕು ದಿನ ಎಂದ ಅವನು. "ಆದ್ರೂ ಯಾಕೆ ಸಾರ್? ಎಷ್ಟು ಸಮ ಬಂದಿದೆ."

ಸಂಜೆ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಕೈಕಾಲು ತೊಳೆದು, ಕೂದಲು ಎತ್ತಿ ಕಟ್ಟಿ, ಮಂಚದ ತುದಿಯಲ್ಲಿ ಕೂತು ಗಿಟಾರು ತೆಗೆದುಕೊಂಡಳು. ಕೂದಲಿಲ್ಲದ, ಹೊಳೆಯುವ, ಆರು ಹೊಸ ತಂತಿಯ ಗಿಟಾರು. ಬೆರಳುಗಳನ್ನು ಹಳೆಯ ನೆನಪಿನಲ್ಲಿ ಇಟ್ಟು ಒಮ್ಮೆ ಮೀಟಿದಳು.

ಆರು ಜನ ಒಟ್ಟಿಗೆ ಆರು ಬೇರೆ ಬಾಗಿಲಿಗೆ ಡಿಕ್ಕಿ ಹೊಡೆದ ಹಾಗೆ ಕೇಳಿಸಿತು.

ಮಿಲಿಮೀಟರಪ್ಪ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದ. ಇಪ್ಪತ್ತೊಂದು ಪಾಯಿಂಟ್ ಏಳನ್ನೂ ಬಿಡಲಿಲ್ಲ. ಒಳಕೋಣೆಯಿಂದ ಅವನ ತಾಯಿ ಕೇಳಿಸಿಕೊಳ್ಳುತ್ತಿದ್ದವಳು ಬಾಗಿಲಿಗೆ ಬಂದಳು.

"ಇವನು ಹುಟ್ಟಿದಾಗ ಆಸ್ಪತ್ರೆಯೋರು ತೂಕ ತಪ್ಪು ಬರೆದಿದ್ರು ಕಣಮ್ಮಾ," ಎಂದಳು ಸೊಸೆಗೆ. "ಅವತ್ತಿಂದ ಸೇಡು ತೀರಿಸ್ಕೊಳ್ತಾ ಇದಾನೆ."

ಹೆಂಡತಿ ನಗಲಿಲ್ಲ. "ವೈರು ಸರಿ ಮಾಡ್ಸಿ, ತಂತಿ ಹಾಕ್ಸಿ ಅಂದೆ."

"ಹೌದು."

"ಅಷ್ಟೇ ಸಾಕು ಅಂದೆ."

"ಹೌದು."

"ಸಿಸ್ಟರ್‌ಗೆ ಏನು ಹೇಳ್ಲಿ ನಾನು? ನನ್ನ ಗಂಡ ಅಳತೆ ತಗೊಂಡ್ರು, ಅದಕ್ಕೆ ಈ ಸಲಾನೂ ಅರ್ಧಕ್ಕೆ ನಿಂತ್ಹೋಯ್ತು ಅಂತ ಹೇಳ್ಲಾ?"

ಅವಳು ಒಂದೊಂದೇ ತಂತಿಯನ್ನು ಒಂದೊಂದೇ ಕಡೆ ಒತ್ತಿ ನೋಡಿದಳು, ಮುಖ ಗಂಟಿಕ್ಕಿದಳು, ಮತ್ತೆ ಒತ್ತಿದಳು. ಅರ್ಧ ಗಂಟೆಯಾದ ಮೇಲೆ ಎದ್ದು ಅತ್ತೆಯ ಕೋಣೆಗೆ ಹೋಗಿ, ಕೆಮ್ಮಿನ ಔಷಧಿಯ ಗಾಜಿನ ಸೀಸೆಯಲ್ಲಿ ಉಳಿದಿದ್ದ ಎರಡು ಚಮಚವನ್ನು ಅತ್ತೆಗೆ ಕುಡಿಸಿ, ಸೀಸೆ ತೊಳೆದು ಒರೆಸಿಕೊಂಡು ಬಂದಳು.

"ಹಾಸ್ಟೆಲಲ್ಲಿ ಒಂದ್ಸಲ ಬೆರಳು ಕೊಯ್ದುಕೊಂಡಿದ್ದೆ. ಒಂದು ತಿಂಗಳು ಹಿಂಗೇ ನುಡಿಸಿದ್ದು," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. ಬಿರಡೆಗಳನ್ನು ಅಷ್ಟಿಷ್ಟು ತಿರುಗಿಸಿ, ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳನ್ನು ಪಟ್ಟಿಗೆ ಒತ್ತದೆ, ಮೇಲೆ ಹಗುರವಾಗಿ ಸೀಸೆ ಇಟ್ಟು ಜಾರಿಸಿದಳು.

ಸ್ವರ ನೀರಿನ ಹಾಗೆ ಏರಿತು, ಒಂದು ಕಡೆ ನಿಂತಿತು.

ಮಿಲಿಮೀಟರಪ್ಪ ಹತ್ತಿರ ಹೋಗಿ ಮಂಡಿಯೂರಿ ಕೂತ. ಗಿಟಾರಿನ ಕತ್ತಿನ ಮೇಲೆ, ಹೊಸ ಪಟ್ಟಿಗಳ ನಡುನಡುವೆ, ಅಂಟು ತುಂಬಿ ಮುಚ್ಚಿದ ಹಳೆಯ ಸೀಳುಗಳ ಗುರುತು ಬೆಳ್ಳಗೆ ಉಳಿದಿತ್ತು. ಹೆಂಡತಿ ಕಣ್ಣು ಮುಚ್ಚಿದ್ದಳು. ಸೀಸೆ ಜಾರಿತು, ನಿಂತಿತು. ನಿಂತದ್ದು ಒಂದು ಬಿಳಿ ಗೀಟಿನ ಮೇಲೆ. ಮತ್ತೆ ಜಾರಿತು, ಇನ್ನೊಂದು ಬಿಳಿ ಗೀಟಿನ ಮೇಲೆ ನಿಂತಿತು. ಎಂಟು, ಹತ್ತು, ಹದಿನೈದು ಸಲ ಅವನು ನೋಡಿದ. ಅರ್ಧ ಮಿಲಿಮೀಟರೂ ಆಚೀಚೆ ಇಲ್ಲ. ಮೂರು ದೇಶದ ಕಾರ್ಖಾನೆಗಳು ಯಂತ್ರ ಇಟ್ಟುಕೊಂಡು ಹುಡುಕಿದ್ದ ಜಾಗವನ್ನು ಇವಳು ಕಣ್ಣು ಮುಚ್ಚಿ, ಕೆಮ್ಮಿನ ಸೀಸೆ ಹಿಡಿದು ಮುಟ್ಟುತ್ತಿದ್ದಳು. ಇಪ್ಪತ್ತೊಂದು ವರ್ಷ ಈ ಹೆಂಗಸು ಉಪ್ಪು ಹಾಕುವಾಗ ಅವನು ಪಕ್ಕದಲ್ಲಿ ಅಳತೆ ಚಮಚ ಹಿಡಿದು ನಿಂತಿದ್ದ.

"ಏನು ನೋಡ್ತಿದೀರಾ?" ಎಂದಳು ಕಣ್ಣು ತೆರೆಯದೆ.

"ಏನಿಲ್ಲ. ಸರಿಯಿದೆ."

"ಗೊತ್ತು. ಏಳಿ, ಬೆಳಕಿಗೆ ಅಡ್ಡ ಕೂತಿದೀರಿ."

ಶನಿವಾರ ಸಂಜೆ ಆಸ್ಪತ್ರೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ನಡುವೆ ಹೆಡ್ ಸಿಸ್ಟರ್, ಇಸ್ತ್ರಿ ಮುರಿಯದ ಬಿಳಿ ಬಟ್ಟೆಯಲ್ಲಿ. ಒಂದು ಪಕ್ಕದಲ್ಲಿ ಅಂಗಡಿಯಮ್ಮ; ಮಿಲಿಮೀಟರಪ್ಪ ಬೆಳಿಗ್ಗೆಯೇ ಹೋಗಿ ಕ್ಷಮೆ ಕೇಳಿ ಕರೆದು ಬಂದಿದ್ದ. ಹಿಂದಿನ ಸಾಲಿನಲ್ಲಿ ಸಾಹೇಬರು, ಕ್ಷೌರಿಕ, ಕಟ್ಟಿನವನು, ಸ್ವಲ್ಪವೂ ಕೆಮ್ಮದ ತಾಯಿ.

ವೇದಿಕೆಯ ಬದಿಯಲ್ಲಿ ರೇಡಿಯೋ ರಿಪೇರಿಯವನು ಸದ್ದಿನ ಪೆಟ್ಟಿಗೆಯ ವೈರು ಜೋಡಿಸುತ್ತ, ಮಿಲಿಮೀಟರಪ್ಪನನ್ನು ಪಕ್ಕಕ್ಕೆ ಕರೆದ. "ಗೋಡೆಯ ಸಾಕೆಟ್ಟು ಸಡಿಲ ಆಗಿದೆ ಸಾರ್. ಪ್ಲಗ್ಗನ್ನ ಹಿಂಗೆ ಎರಡು ಕೈಲಿ ಒತ್ತಿ ಹಿಡ್ಕೊಂಡಿರಿ. ಬಿಟ್ರೆ ಸದ್ದೇ ಹೋಗುತ್ತೆ." ಹೀಗೆ ಮಿಲಿಮೀಟರಪ್ಪ ಆ ಸಂಜೆಯನ್ನೆಲ್ಲ ಗೋಡೆಯ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಳೆಯಬೇಕಾಯಿತು.

ಅವಳು ನುಡಿಸಿದಳು. ಅದು ಯಾವ ಹಾಡು ಎಂದು ಆಮೇಲೆ ಬೀದಿಯಲ್ಲಿ ನಾಲ್ಕು ಅಭಿಪ್ರಾಯಗಳಿದ್ದವು. ಮೊದಲರ್ಧ ಮುಗಿದು, ಇಪ್ಪತ್ಮೂರು ವರ್ಷದ ಹಿಂದೆ ನಿಂತಿದ್ದ ಕಡೆ ಬಂದಾಗ ಹೆಡ್ ಸಿಸ್ಟರ್ ಕುರ್ಚಿಯ ತೋಳನ್ನು ಹಿಡಿದುಕೊಂಡರು. ಸೀಸೆ ಆ ಜಾಗವನ್ನು ದಾಟಿತು. ಯಾರೂ ಬಾಗಿಲು ಬಡಿಯಲಿಲ್ಲ, ಯಾರೂ ಬೈಯಲಿಲ್ಲ. ಸ್ವರ ಮುಂದಕ್ಕೆ ಹೋಯಿತು, ಮೇಲಕ್ಕೆ ಹೋಯಿತು, ಯಾರೋ ದೊಡ್ಡ ಮನೆಯೊಂದರಲ್ಲಿ ಒಂದೊಂದೇ ಕಿಟಕಿ ತೆರೆಯುತ್ತ ನಡೆದ ಹಾಗೆ. ಸಾಹೇಬರು ಬಾಯಿ ತೆರೆದವರು ಮುಚ್ಚಲು ಮರೆತರು. ಕೊನೆಯ ಸ್ವರವನ್ನು ಸೀಸೆಯಿಂದ ನಡುಗಿಸಿ, ಮೆಲ್ಲಗೆ ಇಳಿಸಿ, ಅವಳು ಕೈ ತೆಗೆದಳು.

ಚಪ್ಪಾಳೆ ಛಾವಣಿಗೆ ಹೊಡೆಯಿತು. ಎಲ್ಲರೂ ಎದ್ದು ನಿಂತರು. ಕೂತು ಉಳಿದವನು ಮೂಲೆಯಲ್ಲಿ ಒಬ್ಬನೇ.

"ನೋಡೇ, ಹೆಂಡ್ತಿ ಇಷ್ಟು ನುಡಿಸಿದ್ರೂ ಒಂದು ಚಪ್ಪಾಳೆ ತಟ್ಟಲ್ಲ," ಎಂದು ಯಾರೋ ನರ್ಸು ಪಿಸುಗುಟ್ಟಿದಳು. "ಅಳತೆಗೆ ಬಂದಿಲ್ವೇನೋ." ಆ ಪಿಸುಮಾತು ಸಾಲಿನಿಂದ ಸಾಲಿಗೆ ಹೋಗಿ ಹೆಡ್ ಸಿಸ್ಟರ್‌ಗೆ ತಲುಪಿತು. ಅವರು ನೇರವಾಗಿ ಅವನ ಮುಂದೆ ಬಂದು ನಿಂತರು. ಸಭಾಂಗಣ ತಣ್ಣಗಾಯಿತು.

"ಏನ್ರೀ, ಕೈಗೆ ಏನಾಗಿದೆ ನಿಮ್ಗೆ?"

ಮಿಲಿಮೀಟರಪ್ಪ ಸಾಕೆಟ್ಟಿನ ವಿಷಯ ಹೇಳಬೇಕೆಂದಿದ್ದ. ಆದರೆ ಅವನ ಕಿವಿ ಪೆಟ್ಟಿಗೆಯ ಕಡೆಗಿತ್ತು.

"ಸಿಸ್ಟರ್, 'ಮುಗೀತು' ಅಂತ ಹೇಗೆ ತಟ್ಲಿ?" ಎಂದ. "ಇನ್ನೂ ಕೇಳಿಸ್ತಾ ಇದೆ. ನೀವೇ ಕೇಳಿ."

ಹೆಡ್ ಸಿಸ್ಟರ್ ತಲೆ ವಾಲಿಸಿದರು. ಆಮೇಲೆ ಇಡೀ ವಾರ್ಡನ್ನು ಸುಮ್ಮನಾಗಿಸುವ ತಮ್ಮ ಅಂಗೈಯನ್ನು ಎತ್ತಿದರು. ಮುನ್ನೂರು ಜನ ಉಸಿರು ಬಿಗಿಹಿಡಿದರು. ಕೇಳಿಸಿತು. ಪೆಟ್ಟಿಗೆಯೊಳಗಿನಿಂದ ಬರುತ್ತಿತ್ತು, ತೆಳ್ಳಗೆ, ಸಮನಾಗಿ, ತಗ್ಗಿದ ದನಿಯಲ್ಲಿ, ಕೊನೆಯಿಲ್ಲದೆ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಅಂಗಡಿಯಮ್ಮ ತುಟಿ ಕಚ್ಚಿ ಎಲ್ಲೋ ನೋಡಿದರು. ವೇದಿಕೆಯ ಮೇಲೆ ಹೆಂಡತಿಯ ಎರಡೂ ಕೈ ಮಡಿಲಲ್ಲಿದ್ದವು. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು.

ಅದು ಸಡಿಲ ಸಾಕೆಟ್ಟಿನಿಂದ ಪೆಟ್ಟಿಗೆಯೊಳಗೆ ಹೊಕ್ಕ ಕರೆಂಟಿನ ಗುಂಯ್‌ಗುಡುವಿಕೆ ಎಂದು ರೇಡಿಯೋ ರಿಪೇರಿಯವನಿಗೆ ಗೊತ್ತಿತ್ತು. ಹೇಳಲೆಂದು ಬಾಯಿ ತೆರೆದ. ಹೆಡ್ ಸಿಸ್ಟರ್ ಮುಖ ನೋಡಿದ. ಬಾಯಿ ಮುಚ್ಚಿದ. ಸ್ವಲ್ಪ ಹೊತ್ತಿಗೆ ಅವನೂ ತಲೆ ವಾಲಿಸಿ ಕೇಳತೊಡಗಿದ.

"ಯಾರೂ ಅದನ್ನ ನಿಲ್ಲಿಸ್ಬೇಡಿ," ಎಂದರು ಹೆಡ್ ಸಿಸ್ಟರ್, ಯಾರೂ ಕೇಳಿರದಷ್ಟು ಮೆಲ್ಲನೆಯ ದನಿಯಲ್ಲಿ.

ಮಿಲಿಮೀಟರಪ್ಪ ಪ್ಲಗ್ಗನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ.